ಕನ್ಯಾಮಠದ ಗೋಡೆ ಮತ್ತು ರೋಗಿಯ ಮನೆ: ಶುಶ್ರೂಷೆಯ ಇತಿಹಾಸದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಇತಿಹಾಸ ಅಧ್ಯಾಪಕಿ, ಮಂಡ್ಯ

ನಮ್ಮ ಕಾಲೇಜಿನ ಪದವಿ ವಿದ್ಯಾರ್ಥಿನಿಯರು ಶುಶ್ರೂಷೆಯ ಇತಿಹಾಸವನ್ನು ಕುರಿತು ಕಿರುಪ್ರಬಂಧ ಬರೆಯುತ್ತಿದ್ದಾರೆ. ಅವರಿಗೆ ಸಿಕ್ಕ ಬರಹಗಳೆಲ್ಲ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಫ್ಲಾರೆನ್ಸ್ ನೈಟಿಂಗೇಲರ ಶಾಲೆಯಿಂದಲೇ ಶುರುವಾಗುತ್ತವೆ. ಅದರ ಹಿಂದಿನ ಕಾಲಕ್ಕೆಲ್ಲ ‘ಕನ್ಯಾಸ್ತ್ರೀಯರು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು’ ಎಂಬ ಒಂದೇ ಸಾಲು. ಆದರೆ ಕನ್ಯಾಸ್ತ್ರೀಯರು ಮಠದ ಆವರಣ ಬಿಟ್ಟು ಹೊರಗೆ ಬರಕೂಡದೆಂದು 1566ರಲ್ಲಿ ಪೋಪ್ ಐದನೆಯ ಪಯಸ್ ಕಟ್ಟಪ್ಪಣೆ ಮಾಡಿದ್ದರೆಂದು ಓದಿ ಬಂದ ಒಬ್ಬ ವಿದ್ಯಾರ್ಥಿನಿ, ಹಾಗಿದ್ದರೆ ಬಡವರ ಮನೆಗಳಿಗೆ ಅವರು ಹೋದದ್ದಾದರೂ ಹೇಗೆ ಎಂದು ಕೇಳಿದಳು. ತಿಳಿದವರು ದಯವಿಟ್ಟು ವಿವರಿಸಬೇಕು. ನಮ್ಮ ಸೀಮೆಯ ಆಸ್ಪತ್ರೆಗಳಿಗೂ ಇದಕ್ಕೂ ಸಂಬಂಧವಿದ್ದರೆ ಅದನ್ನೂ ತಿಳಿಸಿ.

ಉತ್ತರ 1: ಗ್ರಂಥಪಾಲಕ, ಮೈಸೂರು

ಮೇಡಂ, ಆ ವಿದ್ಯಾರ್ಥಿನಿ ವಿಷಯದ ಮೂಲಕ್ಕೇ ಕೈ ಹಾಕಿದ್ದಾಳೆ. ಪ್ಯಾರಿಸ್ಸಿನ ಒತೆಲ್ ದಿಯು ಆಸ್ಪತ್ರೆಯಲ್ಲಿ ಅಗಸ್ಟೀನ್ ಪಂಥದ ಕನ್ಯಾಸ್ತ್ರೀಯರು ಬಹಳ ಹಿಂದಿನಿಂದಲೂ ದುಡಿಯುತ್ತಿದ್ದರು. ಆಸ್ಪತ್ರೆಯೇ ಅವರಿಗೆ ಮಠವಾಗಿತ್ತು. ತೊಡಕಿದ್ದದ್ದು ಬೀದಿಗಿಳಿಯುವವರಿಗೆ. ರೋಗಿಗಳ ಮನೆಗೆ ಹೋಗಬೇಕೆಂಬ ಆಶಯದಿಂದ ಫ್ರಾನ್ಸಿಸ್ ಡಿ ಸೇಲ್ಸ್ ಮತ್ತು ಜೇನ್ ಡಿ ಶಾಂತಾಲ್ 1610ರಲ್ಲಿ ಕಟ್ಟಿದ ವಿಸಿಟೇಷನ್ ಸಮುದಾಯವು ಕೆಲವೇ ವರ್ಷಗಳಲ್ಲಿ ಗೋಡೆಯೊಳಗಿನ ಮಠವಾಗಬೇಕಾಯಿತು. ಆವರಣದ ನಿಯಮಕ್ಕೆ ಒಪ್ಪದ ಇಂಗ್ಲೆಂಡಿನ ಮೇರಿ ವಾರ್ಡ್ ಅವರ ಶಿಕ್ಷಣ ಸಂಸ್ಥೆಯನ್ನು ರೋಮ್ 1631ರಲ್ಲಿ ಮುಚ್ಚಿಸಿತು.

ಇದನ್ನೆಲ್ಲ ಬಲ್ಲ ಫ್ರಾನ್ಸಿನ ಪಾದ್ರಿ ವಿನ್ಸೆಂಟ್ ಡಿ ಪಾಲ್, ಲೂಯಿಸ್ ಡಿ ಮಾರಿಯಾಕ್ ಎಂಬ ಮಹಿಳೆಯೊಂದಿಗೆ 1633ರಲ್ಲಿ ಪ್ಯಾರಿಸ್ಸಿನಲ್ಲಿ, ಬಡ ರೋಗಿಗಳ ಮನೆಗೇ ಹೋಗಿ ಸೇವೆ ಮಾಡುವ ‘ಡಾಟರ್ಸ್ ಆಫ್ ಚಾರಿಟಿ’ ಎಂಬ ಮಹಿಳೆಯರ ಸಂಸ್ಥೆಯನ್ನು ಆರಂಭಿಸಿದಾಗ, ಅದರ ಸದಸ್ಯೆಯರನ್ನು ಕನ್ಯಾಸ್ತ್ರೀಯರೆಂದು ಕರೆಯಲೇ ಇಲ್ಲ. ಜೀವಮಾನದ ಗಂಭೀರ ವ್ರತಗಳ ಬದಲು ವರ್ಷವರ್ಷವೂ ನವೀಕರಿಸುವ ಸರಳ ವ್ರತಗಳು, ಹಳ್ಳಿಯ ಹೆಂಗಸರು ಉಡುವಂಥದೇ ಬೂದುಬಣ್ಣದ ಉಡುಪು, ಮಠದ ಬದಲು ಬಾಡಿಗೆ ಕೋಣೆ. ಕಾನೂನಿನ ಕಣ್ಣಿನಲ್ಲಿ ಅವರು ಮಠವಾಸಿಗಳಲ್ಲದ್ದರಿಂದ ಮಠದ ನಿಯಮ ಅವರಿಗೆ ತಾಗಲಿಲ್ಲ. ನನಗೆ ಇದು ಬರೀ ಚಾತುರ್ಯವಾಗಿ ಕಾಣುವುದಿಲ್ಲ. ಕೆಲಸಕ್ಕೆ ತಕ್ಕಂತೆ ಸಂಸ್ಥೆಯನ್ನು ರೂಪಿಸಿದ ಅಪರೂಪದ ವಿವೇಕವಾಗಿ ಕಾಣುತ್ತದೆ.

ಇವರಲ್ಲಿ ಮೊದಲಿಗಳೆಂದು ವಿನ್ಸೆಂಟ್ ಸ್ಮರಿಸುತ್ತಿದ್ದುದು ಮಾರ್ಗರೀತ್ ನಾಸೋ ಎಂಬ ದನಗಾಹಿ ಹುಡುಗಿಯನ್ನು. ದಾರಿಹೋಕರನ್ನು ಕೇಳಿ ಕೇಳಿ ಅಕ್ಷರ ಕಲಿತ ಆಕೆ, ಪ್ಲೇಗ್ ತಗುಲಿದ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ 1633ರಲ್ಲಿ, ಸಂಸ್ಥೆ ವಿಧಿವತ್ತಾಗಿ ಆರಂಭವಾಗುವ ಮೊದಲೇ ತೀರಿಕೊಂಡಳು.

ಉತ್ತರ 2: ನಿವೃತ್ತ ಶುಶ್ರೂಷಕಿ, ಮೈಸೂರು

ಮೇಲಿನ ವಿವರಕ್ಕೆ ಒಂದನ್ನು ಸೇರಿಸಬೇಕು, ಏಕೆಂದರೆ ಅದು ನಮ್ಮ ವೃತ್ತಿಯ ಒಳಗಿನ ಮಾತು. 1617ರಲ್ಲಿ ಶಾತಿಯೋಂ ಎಂಬ ಊರಿನಲ್ಲಿ ವಿನ್ಸೆಂಟರು ಗೃಹಿಣಿಯರ ಸೇವಾಸಂಘಕ್ಕೆ ಬರೆದುಕೊಟ್ಟ ನಿಯಮಾವಳಿಯಲ್ಲಿ ದಯೆ, ಕರುಣೆಗಳ ಉಪದೇಶದ ಜೊತೆಗೆ ಕೆಲಸದ ಕ್ರಮವೂ ಇದೆ: ರೋಗಿಯನ್ನು ನಗುಮೊಗದಿಂದ ಮಾತನಾಡಿಸಬೇಕು, ಊಟದ ತಟ್ಟೆಯನ್ನು ಹಾಸಿಗೆಯ ಮೇಲೆ ಅಣಿಮಾಡಬೇಕು, ಕೈ ತೊಳೆಸಬೇಕು, ಮಾಂಸವನ್ನು ತುಂಡು ಮಾಡಿಕೊಡಬೇಕು. ಜೊತೆಗೆ ಯಾರಾದರೂ ಇರುವ ರೋಗಿಯಿಂದ ಆರಂಭಿಸಿ, ಯಾರೂ ಇಲ್ಲದವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಆಗ ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದು. ನಮ್ಮ ವಾರ್ಡುಗಳಲ್ಲಿ ಅಟೆಂಡರೂ ಇಲ್ಲದೆ, ನೋಡಿಕೊಳ್ಳುವ ಬಂಧುಗಳೂ ಇಲ್ಲದೆ ಮಲಗಿರುವವರನ್ನು ಕಂಡವರಿಗೆ ಈ ಒಂದು ನಿಯಮದ ಬೆಲೆ ಗೊತ್ತು. ಇದನ್ನು ಬರೆದವರು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿದವರೇ ಇರಬೇಕು.

ನೈಟಿಂಗೇಲರು ಈ ಪರಂಪರೆಯಿಂದ ಹೊರತಾದವರಲ್ಲ. ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಪಾದ್ರಿ ಫ್ಲೀಡ್ನರ್ 1836ರಲ್ಲಿ ಸ್ಥಾಪಿಸಿದ ಪ್ರಾಟೆಸ್ಟೆಂಟ್ ಸೇವಿಕೆಯರ ಸಂಸ್ಥೆಯಲ್ಲಿ ಅವರು 1851ರಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಅವರೊಂದಿಗೆ ಹೊರಟ 38 ಮಹಿಳೆಯರಲ್ಲಿ 10 ಮಂದಿ ಕ್ಯಾಥೊಲಿಕ್ ಕನ್ಯಾಸ್ತ್ರೀಯರು. ಅವರಲ್ಲಿ ಒಬ್ಬರಾದ ಮೇರಿ ಕ್ಲೇರ್ ಮೂರ್ ಅವರಿಗೆ, ಮೇಲ್ವಿಚಾರಣೆಯ ಅರ್ಹತೆಯಲ್ಲಿ ನೀವು ನನಗಿಂತ ಬಹಳ ಮೇಲೆಂದು ನೈಟಿಂಗೇಲರೇ ಪತ್ರ ಬರೆದಿದ್ದಾರೆ. ವಿದ್ಯಾರ್ಥಿನಿಯರು ಇದನ್ನು ಬಿಡಬಾರದು.

ಉತ್ತರ 3: ಸಂಶೋಧಕ, ಮೈಸೂರು

ಗೋಡೆ ಬಿದ್ದ ಮೇಲೂ ಇನ್ನೊಂದು ಅಡ್ಡಿ ಉಳಿದಿತ್ತು, ಭಾರತದ ಸಂದರ್ಭದಲ್ಲಿ ಅದು ಮುಖ್ಯವಾದದ್ದು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನು ಆರಂಭಿಸಿದ ಕಾಲದಲ್ಲಿ, ವ್ರತಧಾರಿ ಕ್ಯಾಥೊಲಿಕ್ ಮಹಿಳೆಯರು ಹೆರಿಗೆ ಮಾಡಿಸುವುದಕ್ಕೆ ಚರ್ಚಿನ ಸಮ್ಮತಿ ಇರಲಿಲ್ಲ. ಗಂಡಸು ವೈದ್ಯರಿಗೆ ಮೈ ತೋರಿಸಲು ಹೆಂಗಸರು ಒಪ್ಪದ ನಾಡಿನಲ್ಲಿ ಇದರ ಪರಿಣಾಮ ಬಾಣಂತಿಯರ ಜೀವದ ಮೇಲೆಯೇ ಆಗುತ್ತಿತ್ತು. ಸ್ಕಾಟ್‌ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಈ ನಿರ್ಬಂಧವನ್ನು ತೆಗೆಯಬೇಕೆಂದು ರೋಮ್‌ಗೆ ಮತ್ತೆ ಮತ್ತೆ ಮನವಿ ಸಲ್ಲಿಸಿದರು. ಅವರಿಂದ ಪ್ರೇರಿತರಾಗಿ ರಾವಲ್ಪಿಂಡಿಯಲ್ಲಿ ದುಡಿದ ಆಸ್ಟ್ರಿಯಾದ ವೈದ್ಯೆ ಆ್ಯನಾ ಡೆಂಗೆಲ್, 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಮುದಾಯವನ್ನು ಕಟ್ಟಿದಾಗ, ವಿನ್ಸೆಂಟರ ಹಾದಿಯಲ್ಲೇ, ಸದಸ್ಯೆಯರು ವಿಧಿವತ್ತಾದ ವ್ರತ ತೊಡದೆ ಕೆಲಸ ಮಾಡುವ ಏರ್ಪಾಟು ಮಾಡಿಕೊಂಡರು. 1936ರ ಫೆಬ್ರುವರಿಯಲ್ಲಿ ರೋಮ್ ಅನುಮತಿ ನೀಡಿತು. 1566ರ ಅಪ್ಪಣೆಯಿಂದ ಆರಂಭಿಸುವ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು 1936ರವರೆಗೆ ತಂದರೆ ಒಂದೇ ಎಳೆ ದೊರೆಯುತ್ತದೆ.

ಮೈಸೂರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವೆಲ್ಲ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು 1906ರಲ್ಲಿ ಆರಂಭಿಸಿದ್ದು ವೆಸ್ಲಿಯನ್ ಮಿಷನ್; ಅದು ಪ್ರಾಟೆಸ್ಟೆಂಟ್ ಸಂಸ್ಥೆಯಾದ್ದರಿಂದ ರೋಮ್‌ನ ಈ ನಿರ್ಬಂಧಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಅದನ್ನು ಕನ್ಯಾಸ್ತ್ರೀಯರ ಆಸ್ಪತ್ರೆಗಳ ಸಾಲಿನಲ್ಲಿ ಸೇರಿಸದೆ, ಕೈಸರ್ಸ್‌ವೆರ್ತ್‌ನ ಪ್ರಾಟೆಸ್ಟೆಂಟ್ ಕವಲಿನೊಂದಿಗೆ ಇಟ್ಟು ಓದುವುದು ಸರಿ.