ಅಪಾರ್ಟ್‌ಮೆಂಟಿನ ಬೆಕ್ಕುಗಳನ್ನು ದಕ್ಕೆಗೆ (ಮೀನು ಬಂದರಿಗೆ) ಬಿಡೋಣ ಅಂತಿದ್ದಾರೆ, ಬೇರೆ ದಾರಿ ಇದೆಯಾ?

ತುಳಸಿಕಟ್ಟೆ:

ಮೈಸೂರಿನಿಂದ ಮಂಗಳೂರಿಗೆ ಬಂದು ಎರಡು ವರ್ಷವಾಯಿತು. ಹದಿನಾರು ಮನೆಗಳ ಹಳೇ ಅಪಾರ್ಟ್‌ಮೆಂಟು, ನಮ್ಮದು ಕೆಳಗಿನ ಮನೆ. ಬಂದಾಗ ಇದ್ದದ್ದು ಮೂರೇ ಬೆಕ್ಕು. ನಿನ್ನೆ ಎಣಿಸಿದೆ, ಹನ್ನೊಂದು! ಮೀನು ಮಾರುವ ಅಕ್ಕ ಗೇಟಿನ ಹತ್ತಿರ ಬುಟ್ಟಿ ಇಳಿಸಿದರೆ ಸಾಕು, ಕಾರಿನಡಿಯಿಂದ, ಜನರೇಟರ್ ಹಿಂದಿನಿಂದ, ಎಲ್ಲೆಲ್ಲಿಂದಲೋ ಬರುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೆಕ್ಕು ಕಂಡರೆ ಅಂಥಾ ಪ್ರೀತಿಯೇನಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಅತ್ತ ಹಾಗೆ ಕೂಗುತ್ತವೆ. ಒಂದು ಗಡವ ಬೆಕ್ಕಂತೂ ನಮ್ಮ ತುಳಸಿ ಕುಂಡಕ್ಕೆ ಬೆನ್ನು ಮಾಡಿ ನಿಂತು, ಬಾಲ ನಡುಗಿಸಿ, ಉಚ್ಚೆ ಹೊಡೆದು ಹೋಗುತ್ತದೆ. ಪೂಜೆ ಮಾಡುವ ಜಾಗ ಸ್ವಾಮಿ! ಆದರೂ ಭಾನುವಾರದ ಮೀಟಿಂಗಿನಲ್ಲಿ, ಗೋಣಿಚೀಲಕ್ಕೆ ತುಂಬಿ ದಕ್ಕೆಗೆ ಬಿಟ್ಟು ಬರೋಣ, ಅಲ್ಲಿ ಮೀನಿಗೇನು ಬರವಾ ಅಂದಾಗ ಹೊಟ್ಟೆ ಕಿವುಚಿದ ಹಾಗಾಯಿತು. ಮೂರು ಬಣ್ಣದ್ದೊಂದು ಮೀಟರ್ ಬೋರ್ಡಿನ ಪಕ್ಕ ರಟ್ಟಿನ ಡಬ್ಬದಲ್ಲಿ ಮರಿ ಹಾಕಿದೆ, ಇನ್ನೂ ಕಣ್ಣು ಬಿಟ್ಟಿಲ್ಲ. ಒಂದು ತಿಂಗಳು ಟೈಮ್ ಕೇಳಿದ್ದೇನೆ. ಯಾರಾದರೂ ಇಂಥದ್ದನ್ನು ಸರಿಮಾಡಿದ್ದೀರಾ?

ಹಳೇಬೋನು:

ಮಾಡಿದ್ದೇವೆ ಮೇಡಂ, ಬೆಂಗಳೂರಿನ ನಮ್ಮ ಲೇಔಟಿನಲ್ಲಿ. ದಾರಿ ಒಂದೇ. ಹಿಡಿಯಿರಿ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ಬಿಡಿ. ಹೆಣ್ಣು ಮೊದಲು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬ ಬರೀ ಎರಡು ತಿಂಗಳು, ಮರಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟಬಹುದು. ನಿಮ್ಮ ಮೂರು ಹನ್ನೊಂದಾಗಿದ್ದು ಹೀಗೇ. ಅಂದ ಹಾಗೆ, ಮೂರು ಬಣ್ಣದ ಬೆಕ್ಕು ಕಂಡರೆ ಕಣ್ಣು ಮುಚ್ಚಿ ಹೆಣ್ಣು ಅಂತ ಬರೆದುಕೊಳ್ಳಿ, ಗಂಡು ಸಿಗುವುದು ಬಲು ಅಪರೂಪ.

ಕೈಯಲ್ಲಿ ಹಿಡಿಯಲು ಹೋಗಲೇಬೇಡಿ. ಪ್ರಾಣಿದಯಾ ಸಂಘದವರ ಹತ್ತಿರ ಬೆಕ್ಕಿನ ಬೋನು ಇರುತ್ತದೆ, ಕೇಳಿ. ಇಲಿಬೋನಿನ ದೊಡ್ಡಣ್ಣ ಅಂದುಕೊಳ್ಳಿ. ಮೂರು ನಾಲ್ಕು ದಿನ ಬಾಗಿಲು ಬೀಳದ ಹಾಗೆ ಕಟ್ಟಿಟ್ಟು, ಅದರೊಳಗೇ ಊಟ ಹಾಕಿ. ಭಯ ಹೋಗುತ್ತದೆ. ಆಪರೇಷನ್ನಿನ ಹಿಂದಿನ ಸಂಜೆ ಹಗ್ಗ ಬಿಚ್ಚಿ, ವಾಸನೆ ಬರುವಂಥದ್ದೇನಾದರೂ ಬೋನಿನೊಳಗೆ, ತುಳಿದರೆ ಬಾಗಿಲು ಬೀಳುವ ತಟ್ಟೆಯ ಆಚೆ ತುದಿಗೆ ಇಡಿ. ಬಾಗಿಲು ಬಿದ್ದ ತಕ್ಷಣ ಹಳೇ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಇದೊಂದು ಮರೆತು ನಾನು ಒಂದು ಬೆಕ್ಕಿನ ಮೂಗು ಕೆತ್ತಿಸಿದ್ದೇನೆ, ಈಗಲೂ ನೆನೆಸಿಕೊಂಡರೆ ಬೇಜಾರು. ಆಮೇಲೆ ಊಟ ಹಾಕಬೇಡಿ, ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು.

ಅರಿವಳಿಕೆಯಲ್ಲಿ ಇರುವಾಗಲೇ ಎಡಕಿವಿಯ ತುದಿ ನೇರವಾಗಿ ಕತ್ತರಿಸಲು ಹೇಳಿ, ರೇಬಿಸ್ ಲಸಿಕೆಯನ್ನೂ ಹಾಕಿಸಿ. ಕಿವಿ ಗುರುತು ಇಲ್ಲದಿದ್ದರೆ ಮುಂದಿನ ವರ್ಷ ಅದೇ ಬೆಕ್ಕನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯಿಸುತ್ತೀರಿ.

ಮೂರನೇಮಹಡಿ:

ಹಿಡಿದ ಜಾಗಕ್ಕೇ ಬಿಡುವುದಾದರೆ ಈ ರಾಮಾಯಣ ಯಾಕೆ ಸರ್? ನನ್ನ ಸ್ಕೂಟರ್ ಸೀಟು ಎರಡು ಸಲ ಹರಿದಿದೆ. ಮಗನಿಗೆ ಪರಚಿ ರೇಬಿಸ್ ಇಂಜೆಕ್ಷನ್‌ಗೆ ಓಡಾಡಿದ್ದೇನೆ. ಬೆಕ್ಕು ಸಾಕುವವರು ಮನೆಯೊಳಗೆ ಸಾಕಲಿ.

ಹಳೇಬೋನು:

ನಿಮ್ಮ ಸಿಟ್ಟು ಸುಳ್ಳಲ್ಲ. ಪರಚಿದ ಕೂಡಲೇ ಹದಿನೈದು ನಿಮಿಷ ನಲ್ಲಿ ನೀರಲ್ಲಿ ಸೋಪು ಹಚ್ಚಿ ತೊಳೆದು ಇಂಜೆಕ್ಷನ್‌ಗೆ ಹೋಗಲೇಬೇಕು. ಆದರೆ ನಾವೂ ಮೊದಲು ನಿಮ್ಮ ಹಾಗೇ ಒಂಬತ್ತು ಬೆಕ್ಕು ಸಾಗಿಸಿದೆವು. ಆರು ತಿಂಗಳಲ್ಲಿ ಪಕ್ಕದ ರಸ್ತೆಯವು ಬಂದು ಕೂತವು. ಊಟ ಇದೆ, ಜಾಗ ಖಾಲಿ ಇದೆ, ಬರದೆ ಏನು? ಆಪರೇಷನ್ ಆದ ಬೆಕ್ಕು ತನ್ನ ಜಾಗ ಕಾಯುತ್ತದೆ, ಮರಿ ಹಾಕುವುದಿಲ್ಲ. ಬೆದೆಯ ಕೂಗು ನಿಲ್ಲುತ್ತದೆ. ಗಂಡು ಉಚ್ಚೆ ಹೊಡೆಯುವುದೂ ಕೆಲವು ವಾರದಲ್ಲಿ ಬಹುಪಾಲು ಕಡಿಮೆಯಾಗುತ್ತದೆ. ದಕ್ಕೆಯಲ್ಲಿ ಆಗಲೇ ಇರುವ ಬೆಕ್ಕುಗಳು ಹೊಸಬರನ್ನು ಆರತಿ ಎತ್ತಿ ಕರೆಯುತ್ತವಾ? ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ಮೀಟಿಂಗಿನಲ್ಲಿ ಅದನ್ನೂ ಹೇಳಿ.

ದೂರದಕನ್ನಡಿಗ:

ನಾನಿರುವುದು ಜಪಾನಿನಲ್ಲಿ. ಇಲ್ಲಿ ಕಿವಿ ತುದಿಯಲ್ಲಿ ಸಣ್ಣ ಕಚ್ಚು ಹಾಕುತ್ತಾರೆ, ನೋಡಲು ಸಕುರಾ (ಚೆರ್ರಿ) ಹೂವಿನ ಎಸಳಿನ ಹಾಗೆ. ಅದಕ್ಕೇ 'ಸಕುರಾ ನೆಕೊ' ಅಂತಾರೆ, ನೆಕೊ ಅಂದರೆ ಬೆಕ್ಕು. ಗಂಡಿಗೆ ಬಲ, ಹೆಣ್ಣಿಗೆ ಎಡ. ದೂರದಿಂದಲೇ ಗೊತ್ತಾಗುತ್ತದೆ.

ತುಳಸಿಕಟ್ಟೆ (ಐದು ವಾರದ ನಂತರ):

ಹನ್ನೊಂದರಲ್ಲಿ ಎಂಟು ಆಯಿತು. ಹೆಣ್ಣುಗಳನ್ನು ಎರಡು ಮೂರು ದಿನ, ಗಂಡುಗಳನ್ನು ಒಂದು ದಿನ ನಮ್ಮ ಯುಟಿಲಿಟಿಯಲ್ಲಿ ಇಟ್ಟುಕೊಂಡು ಬಿಟ್ಟೆ. ತುಳಸಿ ಕುಂಡದವನೂ ಹೋಗಿ ಬಂದ.

ಒಂದು ಕಥೆ ಹೇಳಲೇಬೇಕು. ನಾನು ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಮೊದಲ ದಿನ ಬೋನಿಗೆ ಮೊಸರನ್ನ ಇಟ್ಟೆ. ಒಂದೂ ಹತ್ತಿರ ಬರಲಿಲ್ಲ. ಮೀನಿನ ಅಕ್ಕ ನೋಡಿ ನಕ್ಕೂ ನಕ್ಕೂ ಸಾಕಾಗಿ, ಎರಡು ಬಂಗುಡೆ ತಲೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ಮೂಗಿಗೆ ಸೆರಗು ಕಟ್ಟಿ, ಇಕ್ಕಳದಲ್ಲಿ ಹಿಡಿದು ಇಟ್ಟೆ. ಹತ್ತು ನಿಮಿಷಕ್ಕೆ ಬಾಗಿಲು ಬಿತ್ತು. ಈಗ ಅಕ್ಕ ದಿನಾ ಕೇಳುತ್ತಾರೆ, ಇವತ್ತು ಎಷ್ಟು ತಲೆ ಬೇಕು ಅಂತ. ಇಕ್ಕಳ ಮಾತ್ರ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಆದರೆ ಮೂರು ಬಣ್ಣದವಳು ಸಿಗುತ್ತಿಲ್ಲ. ಹೊರಗಿನಿಂದಲೇ ಸರಳಿನ ಸಂದಿಯಲ್ಲಿ ಕೈ ಹಾಕಿ ಮೀನು ಎಳೆದುಕೊಂಡು, ಬೋನಿನ ಮೇಲೆಯೇ ಕೂತು ತಿನ್ನುತ್ತಾಳೆ. ಮರಿಗಳಿಗೆ ಆರು ವಾರ, ಮೀನು ನೆಕ್ಕಲು ಶುರುಮಾಡಿವೆ. ಏನು ಮಾಡಲಿ?

ಹಳೇಬೋನು:

ಮರಿಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹಾಕಿ, ಬೋನಿನ ಹಿಂಬದಿಗೆ ಒತ್ತಿ ಇಡಿ. ಎರಡಕ್ಕೂ ಸೇರಿಸಿ ಬಟ್ಟೆ ಹೊದಿಸಿ, ಬಾಗಿಲೊಂದೇ ತೆರೆದಿರಲಿ. ಮರಿಗಳ ಕೂಗು ಕೇಳಿ ತಾಯಿ ಒಳಗೇ ನಡೆದು ಬರುತ್ತದೆ. ನೀವು ದೂರ ಹೋಗಬೇಡಿ, ಕಣ್ಣಿಟ್ಟಿರಿ. ತಡ ಮಾಡಿದರೆ ಮತ್ತೆ ಗಬ್ಬ. ಮರಿಗಳನ್ನು ಈಗಿನಿಂದಲೇ ದಿನಾ ಎತ್ತಿಕೊಂಡು ಆಡಿಸಿ. ಈ ವಯಸ್ಸಿನಲ್ಲಿ ಪಳಗಿದರೆ ಮನೆ ಸಿಗುತ್ತದೆ.

ಮೂರನೇಮಹಡಿ:

ಬೂದು ಬಣ್ಣದ ಮರಿ ಏನಾದರೂ ಇದೆಯಾ ಮೇಡಂ? ಮಗ ಕೇಳುತ್ತಿದ್ದಾನೆ.