ಎಲ್‌ಸ್ಯಾಟ್‌ನಲ್ಲಿ ಬಾಣ ಬರೆಯುವುದೋ, ತಲೆಯಲ್ಲೇ ಇಟ್ಟುಕೊಳ್ಳುವುದೋ? ಅನುಭವ ಇದ್ದವರು ಹೇಳಿ

ಕೇಳಿದವರು: ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ಗೆ ಇನ್ನು ಒಂಬತ್ತು ವಾರ. ಅಭ್ಯಾಸ ಪರೀಕ್ಷೆಗಳಲ್ಲಿ 158ರಲ್ಲೇ ನಿಂತಿದ್ದೇನೆ. ತರ್ಕದ ಪ್ರಶ್ನೆಗಳಿರುವ ಲಾಜಿಕಲ್ ರೀಸನಿಂಗ್ ವಿಭಾಗದಲ್ಲಿ ಷರತ್ತಿನ ವಾಕ್ಯ ಬಂದಾಗಲೆಲ್ಲ 'ಇದು ಇದ್ದರೆ → ಅದು ಇರಲೇಬೇಕು' ಎಂದು ಬಾಣ ಬರೆದರೆ ಕೊನೆಯ ನಾಲ್ಕೈದು ಪ್ರಶ್ನೆ ಮುಟ್ಟಲು ಆಗುವುದಿಲ್ಲ. ಬರೆಯದಿದ್ದರೆ 'ಓನ್ಲಿ', 'ದಿ ಓನ್ಲಿ' ಇರುವಲ್ಲಿ ದಿಕ್ಕು ತಪ್ಪುತ್ತದೆ. ನೀವೆಲ್ಲ ಏನು ಮಾಡಿದಿರಿ?

ಎರಡು ಸಲ ಬರೆದವಳು: ಬರೆಯಿರಿ. ಇದರಲ್ಲಿ ಎರಡನೇ ಮಾತೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ 222 ಡಾಲರ್ ಕಟ್ಟಿ ಕುಳಿತೆ. ಎಲ್ಲವೂ ತಲೆಯಲ್ಲಿ ನಿಲ್ಲುತ್ತದೆ ಎಂಬ ಧೈರ್ಯವಿತ್ತು. ಬಂದದ್ದು 154. ಅಂಕ ನೋಡಿದ ರಾತ್ರಿ ಅತ್ತಿದ್ದೇನೆ. ಆಮೇಲೆ ಹಳೆಯ ಅಭ್ಯಾಸ ಪರೀಕ್ಷೆಗಳನ್ನೆಲ್ಲ ತೆಗೆದು ತಪ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದೆ. 61 ತಪ್ಪುಗಳಲ್ಲಿ 23 ತಪ್ಪುಗಳು 'ಅನ್‌ಲೆಸ್' ಇರುವ ಪ್ರಶ್ನೆಗಳಲ್ಲೇ ಆಗಿದ್ದವು.

'ಮಾಲೀಕ ಒಪ್ಪಿದ ಹೊರತು ರಸ್ತೆ ಆಗುವುದಿಲ್ಲ' ಎಂಬಂಥ ವಾಕ್ಯ ಓದಿ, ಮುಂದೆ ಮಾಲೀಕ ಒಪ್ಪಿದ ಎಂದು ಬಂದರೆ ರಸ್ತೆ ಆಯಿತು ಎಂದು ತೀರ್ಮಾನಿಸಿಬಿಡುತ್ತಿದ್ದೆ. ಹಣವಿಲ್ಲದೆ ಆ ರಸ್ತೆ ನಿಂತಿರಬಹುದಲ್ಲವೇ? 'ರಸ್ತೆ → ಒಪ್ಪಿಗೆ' ಎಂದು ಹಾಳೆಯ ಮೇಲೆ ಬರೆದ ಕೂಡಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ಕಾಂಟ್ರಾಪಾಸಿಟಿವ್, ಅಂದರೆ ಎರಡು ಬದಿಗೂ 'ಇಲ್ಲ' ಸೇರಿಸಿ ತಿರುಗಿಸಿದ ರೂಪ: 'ಒಪ್ಪಿಗೆ ಇಲ್ಲ → ರಸ್ತೆ ಇಲ್ಲ'. ಎರಡು ಸಾಲು, ಆರು ಸೆಕೆಂಡು. ಹದಿಮೂರು ತಿಂಗಳಲ್ಲಿ ಹನ್ನೊಂದು ನೋಟ್‌ಬುಕ್ ತುಂಬಿಸಿದೆ. 2024ರ ಅಕ್ಟೋಬರ್‌ನಲ್ಲಿ ಮತ್ತೆ 238 ಡಾಲರ್ ಕಟ್ಟಿ ಬರೆದೆ. 167 ಬಂತು.

ಜೂನ್ ತಪ್ಪಿದವನು: ಆರು ಸೆಕೆಂಡು ಎನ್ನುವವರು ಗಡಿಯಾರ ಮುಂದಿಟ್ಟುಕೊಂಡು ಅಳೆದಿದ್ದಾರೆಯೇ? ನಾನು ಅಳೆದಿದ್ದೇನೆ. 35 ನಿಮಿಷಕ್ಕೆ 25 ಪ್ರಶ್ನೆ ಎಂದರೆ ಒಂದಕ್ಕೆ 84 ಸೆಕೆಂಡು. ಅದರಲ್ಲಿ ನನ್ನ ಬಾಣಗಳೇ 31 ಸೆಕೆಂಡು ನುಂಗುತ್ತಿದ್ದವು. ಗಂಟೆಗೆ 120 ಡಾಲರ್‌ನಂತೆ 18 ಗಂಟೆ ಪಾಠ ಹೇಳಿಸಿಕೊಂಡೆ, ಒಟ್ಟು 2,160 ಡಾಲರ್. ಆ ಶಿಕ್ಷಕರದು ಒಂದೇ ಹಟ: 'ಇಫ್' ಕಂಡರೆ ಬಾಣ, 'ಆಲ್' ಕಂಡರೆ ಬಾಣ. ವಾಕ್ಯದ ಅರ್ಥ ಏನು ಎಂದು ಒಂದು ದಿನವೂ ಕೇಳಲಿಲ್ಲ.

ಗಾಯದ ಮೇಲೆ ಬರೆ ಎಳೆದದ್ದು ಲಾಜಿಕ್ ಗೇಮ್ಸ್, ಚಿತ್ರ ಬರೆದು ಬಿಡಿಸುತ್ತಿದ್ದ ಒಗಟಿನಂಥ ಪ್ರಶ್ನೆಗಳ ವಿಭಾಗ. 2024ರ ಜನವರಿಯಿಂದ ದಿನವೂ ಬೆಳಗಿನ ಎರಡು ಗಂಟೆ ಅದಕ್ಕೇ ಕೊಟ್ಟಿದ್ದೆ. ಆ ವಿಭಾಗ ಇರುವ ಕೊನೆಯ ಪರೀಕ್ಷೆ ಜೂನ್‌ನದು ಎಂದು ಗೊತ್ತಿದ್ದೇ ಹೆಸರು ಕೊಟ್ಟಿದ್ದೆ. ನಾಲ್ಕು ದಿನ ಇರುವಾಗ ಜ್ವರ ಹಿಡಿದು ಮಲಗಿದೆ. ಆಗಸ್ಟ್‌ನಿಂದ ಗೇಮ್ಸ್ ಇಲ್ಲ. ಐದು ತಿಂಗಳ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತು. ಈಗ ಮೂರು ಕೊಂಡಿಗಿಂತ ಉದ್ದದ ಸರಪಳಿ ಇದ್ದರೆ ಮಾತ್ರ ಪೆನ್ನು ಎತ್ತುತ್ತೇನೆ. ಉಳಿದದ್ದಕ್ಕೆ 'ಇದಕ್ಕೆ ಯಾವುದು ಇರಲೇಬೇಕು?' ಎಂದು ಮನಸ್ಸಿನಲ್ಲಿ ಒಮ್ಮೆ ಕೇಳಿಕೊಳ್ಳುತ್ತೇನೆ. 165 ಬಂದಿದೆ.

ಎರಡು ಸಲ ಬರೆದವಳು: ಗೇಮ್ಸ್ ಹೋದದ್ದಕ್ಕೂ ಬಾಣಕ್ಕೂ ಏನು ಸಂಬಂಧ? ಗೇಮ್ಸ್ ಹೋದ ಮೇಲೆ ಅಂಕಕ್ಕೆ ಲೆಕ್ಕವಾಗುವ ಲಾಜಿಕಲ್ ರೀಸನಿಂಗ್ ವಿಭಾಗ ಒಂದಿದ್ದದ್ದು ಎರಡಾಯಿತು. ಬಾಣ ಬಲ್ಲವರಿಗೆ ಅದರಿಂದ ಲಾಭವೇ ಆಗಿದೆ. ಇನ್ನೊಂದು ಮಾತು. ಆ ವಿಭಾಗ ಹೋದದ್ದು ಯಾರದೋ ಚಪಲಕ್ಕಲ್ಲ. ಚಿತ್ರ ಬರೆದು ಬಿಡಿಸಬೇಕಾದ ಪ್ರಶ್ನೆಗಳು ತಮಗೆ ಅನ್ಯಾಯ ಮಾಡುತ್ತವೆ ಎಂದು ಕಣ್ಣು ಕಾಣದ ಅಭ್ಯರ್ಥಿಗಳು ಹೂಡಿದ ಮೊಕದ್ದಮೆ 2019ರಲ್ಲಿ ರಾಜಿಯಾಯಿತು. ಅದರ ಫಲ ಇದು.

ಜೂನ್ ತಪ್ಪಿದವನು: ನನ್ನ ಜ್ವರಕ್ಕೆ ಅವರನ್ನು ಹೊಣೆ ಮಾಡಿದೆನೇ? ಓದದೆ ಉತ್ತರಿಸಬೇಡಿ. ನೀವು ಹೇಳಿದ ಆ ಮೊಕದ್ದಮೆಯೇ ನನ್ನ ಪರವಾಗಿದೆ. ಚಿತ್ರ ಬರೆಯಲಾಗದವರೂ ತರ್ಕ ಬಲ್ಲರು ಎಂದಮೇಲೆ ತರ್ಕ ಚಿತ್ರದಲ್ಲಿಲ್ಲ. ಹದಿಮೂರು ತಿಂಗಳು ಓದಿದ್ದರಿಂದ ನಿಮಗೆ 167 ಬಂದಿದೆ. ಅದರ ಕೀರ್ತಿಯನ್ನು ಬಾಣಕ್ಕೆ ಕೊಡುತ್ತಿದ್ದೀರಿ.

ಕನ್ನಡದಲ್ಲಿ ಬಾಣ ಬರೆಯುವವರು: ಇಬ್ಬರೂ ಒಂದು ಮುಖ್ಯ ಸಂಗತಿ ಬಿಟ್ಟಿರಿ. ಬಾಣಕ್ಕಿಂತ ಹೆಚ್ಚು ಸಮಯ ತಿನ್ನುವುದು ಅಕ್ಷರ. ನಾನು ಮೊದಲು ಇಂಗ್ಲಿಷ್ ಮೊದಲಕ್ಷರಗಳನ್ನೇ ಬಳಸುತ್ತಿದ್ದೆ. ಒಂದೇ ಪ್ರಶ್ನೆಯಲ್ಲಿ ಕ್ರಿಟಿಕ್, ಕಮರ್ಷಿಯಲ್, ಕಾಂಟ್ರಾಕ್ಟ್ ಮೂರೂ ಬಂದು, ಹಾಳೆಯ ಮೇಲೆ ಮೂರು 'ಸಿ' ನಿಂತವು. ಯಾವುದು ಯಾವುದೆಂದು ತಿಳಿಯಲು ಮತ್ತೆ ಮೇಲಿನಿಂದ ಓದಿದೆ. ಅಂದಿನಿಂದ ವಿಮರ್ಶಕನಿಗೆ 'ವಿ', ವಾಣಿಜ್ಯಕ್ಕೆ 'ವಾ', ಒಪ್ಪಂದಕ್ಕೆ 'ಒ'. ಕನ್ನಡದ ಒಂದೊಂದು ಅಕ್ಷರದಲ್ಲೂ ಸ್ವರ ಸೇರಿರುವುದರಿಂದ ಒಂದೇ ವ್ಯಂಜನದಲ್ಲಿ ಶುರುವಾಗುವ ಪದಗಳನ್ನೂ ಬೇರ್ಪಡಿಸಬಹುದು.

'ಪ್ರಶಸ್ತಿ ಪಡೆದ ಕಾದಂಬರಿಗಳೆಲ್ಲ ವಿಮರ್ಶಕರು ಮೆಚ್ಚಿದವು. ವಿಮರ್ಶಕರು ಮೆಚ್ಚಿದ್ದು ಯಾವುದೂ ಅವಸರದಲ್ಲಿ ಬರೆದದ್ದಲ್ಲ' ಎಂದಿದ್ದರೆ ನನ್ನ ಹಾಳೆಯಲ್ಲಿ 'ಪ್ರ → ಮೆ → ಅ ಇಲ್ಲ'. ತಿರುಗಿಸಿದರೆ 'ಅ → ಮೆ ಇಲ್ಲ → ಪ್ರ ಇಲ್ಲ'. 'ಅವಸರದಲ್ಲಿ ಬರೆಯದ್ದಕ್ಕೆಲ್ಲ ಪ್ರಶಸ್ತಿ ಸಿಕ್ಕಿದೆ' ಎಂಬ ಉತ್ತರ ಬಲೆ ಎಂದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಇದನ್ನೇ ಹೊಗೆ, ಬೆಂಕಿ ಇಟ್ಟು ಹೇಳಿದ್ದಾರೆ. ಹೊಗೆ ಇರುವಲ್ಲಿ ಬೆಂಕಿ, ಅಡುಗೆಮನೆಯಂತೆ: ಅದು ಅನ್ವಯ. ಬೆಂಕಿ ಇಲ್ಲದಲ್ಲಿ ಹೊಗೆ ಇಲ್ಲ, ಮಡುವಿನಂತೆ: ಅದು ವ್ಯತಿರೇಕ. ಬೆಂಕಿ ಇರುವಲ್ಲೆಲ್ಲ ಹೊಗೆ ಎಂದು ಅವರೂ ಹೇಳಲಿಲ್ಲ, ಕೆಂಪಗೆ ಕಾದ ಕಬ್ಬಿಣದಲ್ಲಿ ಹೊಗೆ ಇಲ್ಲ.

ಜೂನ್ ತಪ್ಪಿದವನು: ಪ್ರಶ್ನೆ ಇಂಗ್ಲಿಷ್‌ನಲ್ಲಿ, ಬಾಣ ಕನ್ನಡದಲ್ಲಿ. ಆ ಅನುವಾದಕ್ಕೆ ಸಮಯ ಎಲ್ಲಿಂದ ತರಬೇಕು?

ಕನ್ನಡದಲ್ಲಿ ಬಾಣ ಬರೆಯುವವರು: ಮನೆಯ ಮಾತಿಗೆ ಅನುವಾದ ಬೇಕಾಗುವುದಿಲ್ಲ. ನಿಮಗೆ ಬೇಕಾದರೆ ನಿಮ್ಮ ಕನ್ನಡವನ್ನು ಪರೀಕ್ಷಿಸಿಕೊಳ್ಳಿ.

ಜೂನ್ ತಪ್ಪಿದವನು: ವೈಯಕ್ತಿಕ ಮಾತು ಬೇಡ.

ಮನಶ್ಶಾಸ್ತ್ರ ಓದಿದವಳು: ಸಂಕೇತದಿಂದ ಏಕೆ ಎಡವುತ್ತೇವೆ ಎನ್ನುವುದಕ್ಕೆ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಕಾರ್ಡಿನ ಪ್ರಯೋಗ ನೋಡಿ. ಪ್ರತಿ ಕಾರ್ಡಿನ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಸಂಖ್ಯೆ; ಒಂದು ಕಡೆ ಸ್ವರಾಕ್ಷರವಿದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಬೇಕು ಎಂಬುದು ನಿಯಮ. ಅದನ್ನು ಪರೀಕ್ಷಿಸಲು ಸ್ವರದ ಕಾರ್ಡನ್ನೂ ಬೆಸಸಂಖ್ಯೆಯ ಕಾರ್ಡನ್ನೂ ತಿರುಗಿಸಬೇಕು. ಬಹುಪಾಲು ಜನ ಬೆಸಸಂಖ್ಯೆಯನ್ನು ಮುಟ್ಟುವುದೇ ಇಲ್ಲ. ಅದೇ ತರ್ಕವನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ 'ಬಿಯರ್ ಕುಡಿಯುವವರಿಗೆ 19 ದಾಟಿರಬೇಕು' ಎಂದು ಕೇಳಿದಾಗ ಹೆಚ್ಚಿನವರು ಸರಿಯಾಗಿ ಹೇಳಿದರು. ನಾನು ಪ್ರತಿ ಷರತ್ತನ್ನೂ ಬಾಗಿಲಲ್ಲಿ ನಿಂತ ಕಾವಲುಗಾರನ ನಿಯಮವಾಗಿ ಓದುತ್ತೇನೆ: ಒಳಗೆ ಬಂದವನ ಕೈಯಲ್ಲಿ ಏನಿರಲೇಬೇಕು? ಒಂದು ಬಾಣವನ್ನೂ ಬರೆಯದೆ 170 ತೆಗೆದಿದ್ದೇನೆ.

ಎರಡು ಸಲ ಬರೆದವಳು: ಕಾವಲುಗಾರ 'ಮೋಸ್ಟ್' ಬಂದಾಗ ಏನು ಮಾಡುತ್ತಾನೆ? 'ಎ ಆದರೆ ಬಿ ಮತ್ತು ಸಿ' ಎಂಬುದನ್ನು ತಿರುಗಿಸಿದಾಗ 'ಮತ್ತು' ಹೋಗಿ 'ಅಥವಾ' ಬರಬೇಕು ಎಂದು ನೆನಪಿಸುತ್ತಾನೆಯೇ?

ಜೂನ್ ತಪ್ಪಿದವನು: 'ಮೋಸ್ಟ್'ಗೆ ಕಾಂಟ್ರಾಪಾಸಿಟಿವ್ ಇಲ್ಲವೇ ಇಲ್ಲ. ನಿಮ್ಮ ಬಾಣವೂ ಅಲ್ಲಿ ಸಾಯುತ್ತದೆ.

ಎರಡು ಸಲ ಬರೆದವಳು: ಸಾಯುವುದಿಲ್ಲ. ಎ-ಗಳಲ್ಲಿ ಹೆಚ್ಚಿನವು ಬಿ, ಎ-ಗಳಲ್ಲಿ ಹೆಚ್ಚಿನವು ಸಿ ಎಂದರೆ ಕೆಲವು ಬಿ-ಗಳು ಸಿ ಆಗಿಯೇ ಇರಬೇಕು. ಇದನ್ನು ಹಾಳೆಯಲ್ಲಿ ಬರೆಯದೆ ನೋಡಿದವರನ್ನು ನಾನು ಕಂಡಿಲ್ಲ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಆದರೆ 'ಓನ್ಲಿ', 'ದಿ ಓನ್ಲಿ' ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ.

ಮನಶ್ಶಾಸ್ತ್ರ ಓದಿದವಳು: 'ಓನ್ಲಿ' ಆದಮೇಲೆ ಬರುವುದು ಬಾಣದ ಬಲಕ್ಕೆ, 'ದಿ ಓನ್ಲಿ' ಆದಮೇಲೆ ಬರುವುದು ಎಡಕ್ಕೆ. 'ಸದಸ್ಯರು ಮಾತ್ರ ಒಳಗೆ ಬಂದರು', 'ಒಳಗೆ ಬಂದವರೆಂದರೆ ಸದಸ್ಯರು ಮಾತ್ರ': ಎರಡಕ್ಕೂ 'ಒಳಗೆ → ಸದಸ್ಯ'.

ಎರಡು ಸಲ ಬರೆದವಳು: ನೋಡಿದಿರಾ, ಕೊನೆಗೆ ನೀವೂ ಬಾಣವನ್ನೇ ಬರೆದಿರಿ.

ಮನಶ್ಶಾಸ್ತ್ರ ಓದಿದವಳು: ಕೇಳಿದವರಿಗೆ ಅರ್ಥವಾಗಲಿ ಎಂದು ಬರೆದೆ. ಪರೀಕ್ಷೆಯಲ್ಲಿ ಬರೆಯಲಿಲ್ಲ.

ಜೂನ್ ತಪ್ಪಿದವನು: ಕೇಳಿದವರೇ, ಸಿದ್ಧವಾಗದಿದ್ದರೆ ದಿನಾಂಕ ಮುಂದೂಡಿ. ಐದು ವರ್ಷದಲ್ಲಿ ಐದು ಸಲ, ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಲು ಬಿಡುತ್ತಾರೆ. ಒಂದನ್ನೂ ಸುಮ್ಮನೆ ಕಳೆಯಬೇಡಿ.

ಎರಡು ಸಲ ಬರೆದವಳು: ಒಂಬತ್ತು ವಾರ ಕೈಯಲ್ಲಿರುವವರಿಗೆ ಮುಂದೂಡಿ ಎನ್ನುತ್ತೀರಾ? ನಿಮ್ಮ ಜೂನ್‌ನ ಹೆದರಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ.