ಸಸ್ಯಸಂಯುಕ್ತ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಕೋಶ: ‘ನಾಶಕ’, ‘ನಿವಾರಕ’, ‘ನಿರೋಧಕ’ಗಳಲ್ಲಿ ಯಾವುದು ಸರಿ?

ಔಷಧೀಯ ಸಸ್ಯಗಳ ಸಂಯುಕ್ತಗಳನ್ನು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸುವ ಸಂಶೋಧನೆಗಳ ಕುರಿತು ಕನ್ನಡದಲ್ಲಿ ಬರೆಯುವಾಗ, ಫಲಿತಾಂಶವನ್ನು ಯಾವ ಪದದಿಂದ ಹೇಳಬೇಕು ಎಂಬುದು ನನ್ನ ಪ್ರಶ್ನೆ. ‘ಕ್ಯಾನ್ಸರ್ ನಾಶಕ’, ‘ಕ್ಯಾನ್ಸರ್ ನಿವಾರಕ’, ‘ಕ್ಯಾನ್ಸರ್ ನಿರೋಧಕ’ ಎಂಬ ಮೂರು ರೂಪಗಳೂ ಒಂದೇ ಅರ್ಥದವೆಂಬಂತೆ ಬಳಕೆಯಾಗುತ್ತಿವೆ. ಪ್ರಯೋಗ ತೋರಿಸಿದ್ದು ಬಹುಮಟ್ಟಿಗೆ ಈ ಮೂರರಲ್ಲಿ ಯಾವುದೂ ಅಲ್ಲ.

ಪ್ರಯೋಗಾಲಯದ ತಟ್ಟೆಯ ಕುಳಿಗಳಲ್ಲಿ ಬೆಳೆಸಿದ, ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಪಡೆದ ಎಚ್‌ಟಿ-29 ಅಥವಾ ಎಚ್‌ಸಿಟಿ-116 ತಳಿಯ ಕೋಶಗಳಿಗೆ ಸಂಯುಕ್ತವನ್ನು ಬೇರೆ ಬೇರೆ ಸಾಂದ್ರತೆಗಳಲ್ಲಿ ಸೇರಿಸಿ, ಒಂದೆರಡು ದಿನ ಬಿಟ್ಟು, ಸಾಮಾನ್ಯವಾಗಿ ಎಂಟಿಟಿ ಎಂಬ ಹಳದಿ ಲವಣವನ್ನು ಹಾಕುತ್ತಾರೆ. 1983ರಲ್ಲಿ ಮೋಸ್ಮನ್ ವಿವರಿಸಿದ ಈ ವಿಧಾನದಲ್ಲಿ, ಚಯಾಪಚಯ ನಡೆಸುತ್ತಿರುವ ಕೋಶಗಳು ಆ ಲವಣವನ್ನು ಫಾರ್ಮಜಾನ್ ಎಂಬ ನೇರಳೆ ಬಣ್ಣದ ವಸ್ತುವಾಗಿ ಮಾರ್ಪಡಿಸುತ್ತವೆ. ಬಣ್ಣ ಕುಗ್ಗಿದರೆ ಕೋಶಗಳು ಸತ್ತಿರಬಹುದು. ಸಾಯದೆ, ವಿಭಜನೆ ಮಾತ್ರ ನಿಂತು ಸಂಖ್ಯೆ ಹೆಚ್ಚದೆ ಉಳಿದಿರಬಹುದು. ಅಥವಾ ಅವುಗಳ ಚಯಾಪಚಯವಷ್ಟೇ ಮಂದವಾಗಿರಬಹುದು. ಪಾಲಿಫಿನಾಲ್ ಎಂಬ ಸಸ್ಯಮೂಲದ ಸಂಯುಕ್ತಗಳಲ್ಲಿ ಇನ್ನೊಂದು ತೊಡಕಿದೆ: ಅವುಗಳಲ್ಲಿ ಕೆಲವು, ಕೋಶಗಳ ನೆರವೇ ಇಲ್ಲದೆ ಲವಣವನ್ನು ತಾವೇ ಮಾರ್ಪಡಿಸಿ ನೇರಳೆ ಬಣ್ಣ ತರಿಸುವುದರಿಂದ, ಸತ್ತ ಕೋಶಗಳೂ ಬದುಕಿರುವಂತೆ ಲೆಕ್ಕಕ್ಕೆ ಬರುತ್ತವೆ. ಇಷ್ಟು ಸಂದಿಗ್ಧವಾದ ಫಲಿತಾಂಶಕ್ಕೆ ‘ನಾಶಕ’ ಎಂಬ ಖಚಿತ ಪದ ಹೊಂದುವುದಿಲ್ಲ.

‘ನಿವಾರಕ’ದ ತೊಂದರೆ ಬೇರೆ. ‘ನೋವು ನಿವಾರಕ’ ಎಂದಾಗ ನೋವು ಅನುಭವಿಸುವವರೊಬ್ಬರು ಇದ್ದೇ ಇರುತ್ತಾರೆ. ತಟ್ಟೆಯಲ್ಲಿ ರೋಗಿಯಿಲ್ಲ, ಕೋಶಗಳಿವೆ. ಚಿಕಿತ್ಸೆಗಾಗಿ ಕಾಯುತ್ತಿರುವ ಕುಟುಂಬದವರು ಆ ಪದವನ್ನು ನಂಬಿಬಿಡುತ್ತಾರೆ ಎಂಬುದೇ ನನ್ನ ಮುಖ್ಯ ಕಳವಳ. ಇನ್ನು ‘ನಿರೋಧಕ’ಕ್ಕೆ ಎರಡು ದಿಕ್ಕುಗಳಿವೆ: ‘ಗರ್ಭನಿರೋಧಕ’ದಲ್ಲಿ ಅದು ತಡೆಯುವುದನ್ನು, ‘ಔಷಧ ನಿರೋಧಕ ಬ್ಯಾಕ್ಟೀರಿಯಾ’ದಲ್ಲಿ ಮಣಿಯದಿರುವುದನ್ನು ಸೂಚಿಸುತ್ತದೆ. ಔಷಧಕ್ಕೆ ಮಣಿಯದ ಕ್ಯಾನ್ಸರ್ ಕೋಶಗಳ ಪ್ರಸ್ತಾಪವೂ ಅದೇ ಲೇಖನದಲ್ಲಿ ಬಂದರೆ ಓದುಗರು ಗೊಂದಲಕ್ಕೆ ಬೀಳುವುದು ಸಹಜ.

ಕೋಶಗಳ ಹೆಚ್ಚಳ ತಗ್ಗಿದ್ದಷ್ಟೇ ಕಂಡಿದ್ದರೆ ‘ವೃದ್ಧಿರೋಧಕ’, ಸಾವು ಖಚಿತವಾಗಿದ್ದರೆ ‘ಕೋಶಘಾತಕ’, ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ಕ್ರಿಯೆಯನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳ ಚಟುವಟಿಕೆಯಂಥ ಪ್ರತ್ಯೇಕ ಪುರಾವೆ ಇದ್ದರೆ ಮಾತ್ರ ‘ಯೋಜಿತ ಕೋಶಮರಣ’ ಎನ್ನಬಹುದೆಂದು ನನಗನ್ನಿಸುತ್ತದೆ. ಆದರೆ ‘ಕೋಶಘಾತಕ’ವೂ ಔಷಧವೆಂದು ಅರ್ಥವಲ್ಲ, ಆರೋಗ್ಯವಂತ ಕೋಶಗಳಿಗೂ ಅದು ಘಾತಕವಾಗಿರಬಹುದು. ಉದಾಹರಣೆಗೆ, ಮರವೊಂದರಿಂದ ಪ್ರತ್ಯೇಕಿಸಿ 1966ರಲ್ಲಿ ವರದಿ ಮಾಡಿದ ಕ್ಯಾಂಪ್ಟೊಥೆಸಿನ್ ಎಂಬ ಕೋಶಘಾತಕ ಸಂಯುಕ್ತ, ರೋಗಿಗಳಲ್ಲಿ ತೀವ್ರ ದುಷ್ಪರಿಣಾಮ ತೋರಿದ್ದರಿಂದ ಅದೇ ರೂಪದಲ್ಲಿ ಬಳಕೆಗೆ ಬರಲಿಲ್ಲ. ಅದರಿಂದ ರೂಪಿಸಿದ ಇರಿನೋಟೆಕಾನ್ ಎಂಬ ಔಷಧ 1996ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆಗೆ ಅನುಮೋದನೆ ಪಡೆಯಿತು; ನಡುವೆ ಮೂವತ್ತು ವರ್ಷಗಳು ಕಳೆದಿದ್ದವು. ಹಾಗೆಯೇ, ಹಲವು ವಸ್ತುಗಳ ಮಿಶ್ರಣವಾದ ‘ಸಾರ’ವನ್ನೂ ಒಂದೇ ಬಗೆಯ ಅಣುಗಳ ‘ಸಂಯುಕ್ತ’ವನ್ನೂ ಅದಲುಬದಲಾಗಿ ಬಳಸಬಾರದು.

ಉಳಿದಿರುವುದು, ಎಂಟಿಟಿ ಪರೀಕ್ಷೆಯಲ್ಲಿ ಶೇಕಡಾವಾರು ಹೇಳುವ ಅಳತೆಯ ಹೆಸರು. ‘ಜೀವಂತಿಕೆ’ ಎಂದರೆ ಲವಲವಿಕೆಯ ಛಾಯೆ ಬರುತ್ತದೆ, ‘ಬದುಕುಳಿಯುವಿಕೆ’ ಎಂದರೆ ರೋಗಿಗಳ ಬದುಕುಳಿಯುವ ಪ್ರಮಾಣವೆಂದು ತಪ್ಪಾಗಿ ತಿಳಿಯುವ ಅಪಾಯವಿದೆ. ‘ಕೋಶಸಜೀವತೆ’ ಎಂಬುದು ಸಾಮಾನ್ಯ ಓದುಗರಿಗೆ ತಿಳಿಯುವಂತಿದೆಯೇ, ಅಥವಾ ಇದಕ್ಕಿಂತ ಸರಳವಾದ, ಈಗಾಗಲೇ ಬಳಕೆಯಲ್ಲಿರುವ ಪದ ಯಾವುದಾದರೂ ಇದೆಯೇ?